ನೀಲಿ ಜಾಕೆಟಿನ ಬಲತೋಳು

ಚಳಿಗಾಲದ ಗುರುವಾರ, ಮಧ್ಯಾಹ್ನ ಮೂರು ಗಂಟೆ. ಅಮೂಲ್ಯಾ ಹಿಂಬಾಗಿಲಿನಿಂದ ನುಗ್ಗಿ ಬಂದು ಕೈಯಲ್ಲಿದ್ದ ನೀಲಿ ಜಾಕೆಟನ್ನು ಊಟದ ಮೇಜಿನ ಮೇಲೆ ಎಸೆದಳು. ನನ್ನ ಕಾಫಿ ಲೋಟ ಉರುಳಿಬಿತ್ತು.

“ನೋಡಿ ಅಂಕಲ್! ನಮ್ಮಣ್ಣನ ಸ್ಕೀ ಜಾಕೆಟ್. ಈ ಅಜಯ್ ತನ್ನ ವಾರ್ಡ್‌ರೋಬಲ್ಲಿ, ಸೂಟ್‌ಕೇಸ್ ಹಿಂದೆ ಬಚ್ಚಿಟ್ಟಿದ್ದ. ತೋಳು ನೋಡಿ. ರಕ್ತ!”

ಅವಳ ಹಿಂದೆಯೇ ಅಜಯ ಬಂದ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಇಲ್ಲ.

“ರಕ್ತ ಅಲ್ರೀ ಅದು! ಅಲ್ಲ, ರಕ್ತ ಇದ್ರೂ ಇರ್ಬೋದು, ಆದ್ರ ನಂಗೇನೂ ಗೊತ್ತಿಲ್ರಿ!”

ಇಂಥ ಮಾತು ಆಡುವವನನ್ನು ದೇವರೂ ಕಾಪಾಡಲಾರ ಅನ್ನಿಸಿತು ನನಗೆ.

ಅಮೂಲ್ಯಾಳ ಅಣ್ಣ ಇಂದ್ರೇಶ ಕಾಣೆಯಾಗಿದ್ದ. ಕಳೆದ ಶುಕ್ರವಾರ ಸಂಜೆ ಟೀವಿಯಲ್ಲಿ ಹಿಮ ಬೀಳುವುದನ್ನು ನೋಡಿ, ಇದ್ದಕ್ಕಿದ್ದಂತೆ ‘ಒಬ್ಬನೇ ಸ್ಕೀಯಿಂಗಿಗೆ ಹೋಗ್ತೀನಿ’ ಎಂದು ಕಾರು ಹತ್ತಿದವನದು ಸೋಮವಾರದಿಂದ ಸುದ್ದಿಯಿಲ್ಲ.

ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿರುವ ನನ್ನ ಮಗಳು ಸರಸ್ವತಿಯ ಮನೆಯ ಹಿತ್ತಲಲ್ಲಿ ಎರಡು ಕೋಣೆಯ ಯೂನಿಟ್ ಇದೆ. ಇಂದ್ರೇಶ, ಅಜಯ ಇಬ್ಬರೂ ಓದುವಾಗಿನಿಂದ ಅಲ್ಲೇ ಬಾಡಿಗೆಗಿದ್ದವರು. ಇಂದ್ರೇಶ ಹಿಮವನ್ನು ಫ್ರಿಜ್ಜಿನ ಒಳಗಲ್ಲದೆ ಬೇರೆಲ್ಲೂ ಕಂಡವನಲ್ಲ. ಅವನಿಗೆ ಒಂದು ಬೆಟ್ಟ ಸಾಲದು! ಬುಲ್ಲರ್, ಹಾಥಮ್, ಫಾಲ್ಸ್ ಕ್ರೀಕ್, ಥ್ರೆಡ್‌ಬೋ. ದಿನಕ್ಕೊಂದು ಬೆಟ್ಟ, ತಂಗಿಗೆ ದಿನಕ್ಕೊಂದು ಮೆಸೇಜು. ಹೆಸರು ಬಾಯಿಪಾಠ ಮಾಡಿಕೊಳ್ಳುವುದರಲ್ಲಿ ನನಗೆ ಎರಡು ದಿನ ಹಿಡಿಯಿತು.

“ಪೊಲೀಸರಿಗೆ ಫೋನ್ ಮಾಡಿಯಾಯ್ತು,” ಎಂದಳು ಅಮೂಲ್ಯಾ. “ರಕ್ತದ ಜಾಕೆಟ್ ಅಜಯ್ ರೂಮಲ್ಲಿ ಸಿಕ್ತು ಅಂತ ಹೇಳಿದೀನಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಬರ್ತಾರಂತೆ.”

ಅಜಯ ಕುರ್ಚಿ ಹಿಡಿದುಕೊಂಡ. “ಏ ಅಮೂಲ್ಯಾ, ನನ್ನ ಪಿಆರ್! ಕಾಯಂ ಇಲ್ಲೇ ಇರಾಕ ಅರ್ಜಿ ಹಾಕಿ ಹದಿನಾಲ್ಕು ತಿಂಗಳಾತು. ಮುಂದಿನ ತಿಂಗಳು ಬರೂದೈತಿ. ಪೊಲೀಸ್ ಕೇಸ್ ಅಂತ ಒಂದು ಗೆರಿ ಬಿದ್ರ ಎಲ್ಲಾ ಮುಗೀತು. ವಾಪಸ್ ಕಳಸ್ತಾರ.”

“ವಾಪಸ್? ನಿನ್ನನ್ನ ಜೈಲಿಗೆ ಕಳಿಸ್ತಾರೆ.”

“ಸ್ವಲ್ಪ ಸುಮ್ನಿರ್ತೀರಾ ಇಬ್ರೂ?” ಸರಸ್ವತಿ ಬಟ್ಟೆ ತಂದು ಚೆಲ್ಲಿದ ಕಾಫಿ ಒರೆಸತೊಡಗಿದಳು. “ಅಪ್ಪ, ನೀವಾದ್ರೂ ಒಂದು ಮಾತಾಡಿ.”

ನಾನು ಏನು ಮಾತಾಡಲಿ? ನಿನ್ನೆ ಬೆಳಿಗ್ಗೆ ಸಿಡ್ನಿಯಿಂದ ಅಮೂಲ್ಯಾ ಬಂದಿಳಿದಾಗಿನಿಂದ ಈ ಮನೆಯಲ್ಲಿ ಯಾರೂ ಬಾಯಿ ಮುಚ್ಚಿಲ್ಲ. ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರದು. ಅರ್ಧ ಇಂಗ್ಲಿಷು, ಅರ್ಧ ಅಳು.

ನಾನು ಕನ್ನಡಕ ಹಾಕಿಕೊಂಡು ಜಾಕೆಟನ್ನು ಹತ್ತಿರ ಎಳೆದುಕೊಂಡೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಮೈಸೂರಿನಲ್ಲಿ ಆಸ್ಪತ್ರೆಯೊಂದರ ಧೋಬಿಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಬಟ್ಟೆ ಒಗೆದಿದ್ದೇನೆ. ಬಟ್ಟೆ ಯಾವ ವಾರ್ಡಿನಿಂದ ಬಂತು, ಯಾರ ಮೈಮೇಲಿತ್ತು ಎಂದು ಗುರುತು ನೋಡದೆ ಒಂದೂ ಬಟ್ಟೆ ನೀರಿಗೆ ಹಾಕಿದವನಲ್ಲ. ಕೈಗೆ ಅದೇ ರೂಢಿ.

ಬಲತೋಳಿನ ತುದಿ, ಒಳಮೈ. ಮುಂಗೈ ಸುತ್ತ ಬಳೆ ಇಟ್ಟು ಒತ್ತಿದಂತೆ ಒಂದು ಕೆಂಪು ಪಟ್ಟೆ. ಎಡತೋಳಿನಲ್ಲಿ ಏನೂ ಇಲ್ಲ. ಎದೆಯ ಮೇಲೆ, ಬೆನ್ನಿನ ಮೇಲೆ ಏನೂ ಇಲ್ಲ. ಹೊಲಿಗೆಯ ಸಂದಿಯಲ್ಲಿ ಬಿಳಿ ಬಿಳಿಯಾಗಿ ಸೋಪಿನ ಪುಡಿ ಕಚ್ಚಿಕೊಂಡಿತ್ತು.

“ಇದನ್ನ ಒಗೆದವರು ಯಾರಪ್ಪ?”

ಅಜಯ ನೆಲ ನೋಡಿದ. “ಗೊತ್ತಿಲ್ರಿ.”

“ಸರಿ. ಇದು ನಿನ್ನ ಬೀರುವಿಗೆ ಹೇಗೆ ಬಂತು?”

“ಇಂದ್ರೇಶ ಇಟ್ಟಿರ್ಬೇಕ್ರಿ.”

“ಹಾಕ್ಕೊಂಡು ಹೋದ ಜಾಕೆಟನ್ನ ಬೆಟ್ಟದಿಂದ ಬಂದು ನಿನ್ನ ಬೀರುವಿನಲ್ಲಿಟ್ಟು ಮತ್ತೆ ಹೋದನಾ?”

“ಹಂಗಲ್ರಿ... ಇದು ಅಂವಂದಲ್ಲೇನೋ, ಅಂಗಡ್ಯಾಗ ಇಂಥಾವು ಭಾಳ ಇರ್ತಾವ್ರಿ...”

ಅರ್ಧ ನಿಮಿಷದೊಳಗೆ ಮೂರು ಸುಳ್ಳು, ಒಂದಕ್ಕೊಂದು ತಾಳೆಯಿಲ್ಲ. ಹುಬ್ಬಳ್ಳಿಯಿಂದ ಇಲ್ಲಿಗೆ ಬಂದು ಎಂಜಿನಿಯರಿಂಗು ಓದಿದವನು. ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಬಾರದು.

“ಅಜಯ, ನನಗೆ ಅರವತ್ತೊಂಬತ್ತು. ನೀನು ನಿಜ ಹೇಳೋವರೆಗೂ ನಾನು ಇಲ್ಲೇ ಕೂತಿರ್ತೀನಿ. ಪೊಲೀಸರು ಅಷ್ಟು ಹೊತ್ತು ಕೂರೋದಿಲ್ಲ.”

ಅವನು ಕುಸಿದು ಕುಳಿತ.

“ನಾನ ಒಗದೇನ್ರಿ,” ಎಂದ ಮೆಲ್ಲಗೆ. “ಮಂಗಳವಾರ ಸಂಜಿಗೆ ಕೆಲಸದಿಂದ ಬಂದೆ. ಬಾಗಿಲ ಮುಂದ ಪ್ಲಾಸ್ಟಿಕ್ ಚೀಲದಾಗ ಈ ಜಾಕೆಟ್ ಇತ್ತು. ಬಾಡಿಗಿಗೆ ತಂದಿದ್ದು ನನ್ನ ಹೆಸರಿನ ಮ್ಯಾಲ್ರಿ. ಬುಧವಾರ ವಾಪಸ್ ಕೊಡಬೇಕಾಗಿತ್ತು. ಇಂದ್ರೇಶ ಇಟ್ಟು ಎಲ್ಲೋ ಹೋಗ್ಯಾನ ಅನಕೊಂಡೆ. ತೋಳಿನಾಗ ಹಳದಿ ಹಳದಿ ಕಲೆ ಇತ್ತು. ಅಂಗಡ್ಯಾವ ಬಯ್ತಾನಂತ ಮಷೀನ್‌ಗೆ ಹಾಕಿದೆ. ಹೊರಗ ತಗದ್ರ...” ಅವನು ತೋಳಿನ ಕಡೆ ಬೆರಳು ತೋರಿಸಿದ. “ಹಳದಿ ಇದ್ದದ್ದು ಕೆಂಪಗ ಆಗಿತ್ರಿ ಅಂಕಲ್. ರಕ್ತದ್ಹಂಗ. ಹೆದ್ರಿಕಿ ಬಂದು ಮುಚ್ಚಿಟ್ಟೆ.”

“ಕಥೆ ನೋಡಿ ಕಥೆ!” ಅಮೂಲ್ಯಾ ಕೈ ತಟ್ಟಿದಳು. “ಹಳದಿ ಇದ್ದದ್ದು ಮಷೀನಲ್ಲಿ ರಕ್ತ ಆಯ್ತಂತೆ. ಮೂರು ವರ್ಷದ ಮಗೂನೂ ನಂಬಲ್ಲ. ಅಂಕಲ್, ಇವನ ಮುಖ ನೋಡಿ ನೀವು ಕರಗಬೇಡಿ.”

ನನಗೆ ದ್ಯಾಮಣ್ಣ ನೆನಪಾದ.

ಅರವತ್ತನಾಲ್ಕನೇ ಇಸವಿ. ದ್ಯಾಮಣ್ಣ ಧೋಬಿಖಾನೆಗೆ ಸೇರಿ ಎರಡನೇ ದಿನ. ಹೆರಿಗೆ ವಾರ್ಡಿನ ಸೀರೆಗಳನ್ನು ಸೋಡಾ ಹಂಡೆಗೆ ಹಾಕಿ, ಕೋಲಿನಿಂದ ಮೇಲಕ್ಕೆತ್ತಿದವನು, ‘ಯಾರೋ ಸತ್ತವ್ರೆ ಸುಬ್ಬಣ್ಣಾ’ ಎಂದು ನನ್ನತ್ತ ಕೂಗುತ್ತ ಮೇಟ್ರನ್ ಕೋಣೆಗೆ ಓಡಿದ್ದ. ಹಂಡೆಯ ನೀರೆಲ್ಲ ಕುಂಕುಮದಂತೆ ಕೆಂಪಾಗಿತ್ತು. ಮೇಟ್ರನಮ್ಮ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಬಾಣಂತಿಯರು ಮೈಗೆ ಹಚ್ಚಿಕೊಂಡ ಅರಿಶಿನ ಅದು.

“ಸರಸೂ, ಫ್ರಿಜ್ಜಿನಲ್ಲಿ ನಿಂಬೆಹಣ್ಣು ಇದೆಯೇನಮ್ಮ?”

“ನಿಂಬೆಹಣ್ಣಾ? ಈಗ ಶರಬತ್ತು ಬೇಕಾ ಅಪ್ಪ ನಿಮಗೆ?”

“ತಗೊಂಡು ಬಾ.”

ಹಣ್ಣು ಬಂತು. ಎರಡು ಹೋಳು ಮಾಡಿ, ಒಂದನ್ನು ಪಟ್ಟೆಯ ಒಂದು ಪಕ್ಕದ ಮೇಲೆ ಹಿಂಡಿದೆ. ಮೂವರೂ ಬಗ್ಗಿ ನೋಡಿದರು. ನಾನು ನೋಡಲಿಲ್ಲ, ಏನಾಗುತ್ತದೆಂದು ನನಗೆ ಗೊತ್ತಿತ್ತು.

“ಅಯ್ಯೋ,” ಎಂದಳು ಸರಸ್ವತಿ. “ಹಳದಿ ಆಗ್ತಿದೆ!”

“ರಕ್ತದ ಮೇಲೆ ಹತ್ತು ನಿಂಬೆಹಣ್ಣು ಹಿಂಡಿದರೂ ಅದು ಹಳದಿ ಆಗಲ್ಲಮ್ಮ. ಇದು ಅರಿಶಿನ. ಸೋಪಿನ ಪುಡಿ ತಾಗಿದರೆ ಕೆಂಪು, ಹುಳಿ ತಾಗಿದರೆ ಮತ್ತೆ ಹಳದಿ. ಅಜಯ, ಪುಡಿ ಎಷ್ಟು ಹಾಕಿದೆ?”

“ಎರಡು ಕಪ್ ಹಾಕಿದ್ನಿರಿ.”

“ಎರಡು ಕಪ್! ಒಂದು ಜಾಕೆಟಿಗೆ! ಆಮೇಲೆ ಜಾಲಿಸಿದ್ದೂ ಇಲ್ಲ. ಇನ್ನೇನಾಗುತ್ತೆ?”

ಅಜಯ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ ಹೇಳಲಾರೆ.

“ಇನ್ನೊಂದು ಹೋಳು ಹಾಗೇ ಇರಲಿ,” ಎಂದೆ ಸರಸ್ವತಿಗೆ. “ಪಟ್ಟೆಯ ಇನ್ನೊಂದು ಪಕ್ಕ ಕೆಂಪಗೇ ಇದೆ. ನಾಳೆ ಪೊಲೀಸರ ಕಣ್ಣೆದುರಿಗೇ ಹಿಂಡೋಣ. ಹುಡುಗನ ಪಿಆರ್ ಇದರ ಮೇಲೆ ನಿಂತಿದೆ.”

ಅಮೂಲ್ಯಾ ಸುಮ್ಮನಾಗಿದ್ದಳು. ಎರಡು ದಿನದಲ್ಲಿ ಮೊದಲ ಸಲ.

“ಜಿಪ್ಪಿಗೆ ಒಂದು ತಂತಿ ಇದೆಯಲ್ಲ, ಇದೇನು?” ನಾನು ಕೇಳಿದೆ.

“ಲಿಫ್ಟ್ ಚೀಟಿ ಸಿಕ್ಕಸೂದ್ರಿ ಅದು,” ಎಂದ ಅಜಯ. ಅವನಿಗೆ ಈಗ ಉಸಿರು ಬಂದಿತ್ತು. “ಬೆಟ್ಟದ ಮ್ಯಾಲೆ ಹೋಗಾಕ ಕುರ್ಚಿ ಇರ್ತಾವಲ್ಲ, ಅದಕ್ಕ ಟಿಕೆಟ್. ಜಾಕೆಟ್‌ಗೆ ಹಾಕ್ಕೊಂಡಿರ್ಬೇಕು. ಒಗಿಯೋ ಮುಂಚೆ ಕತ್ತರಿಸಿ ಇಟ್ಟೇನ್ರಿ.”

“ಓಡು. ತಗೊಂಡು ಬಾ.”

ಓಡಿದ. ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಓಡಿದ. ಬಂದಾಗ ಕೈಯಲ್ಲಿ ಒಂದೇ ಒಂದು ಚೀಟಿ.

“ಬರೀ ಒಂದಾ?”

“ಒಂದ ಇತ್ರಿ.”

“ನಾಲ್ಕು ಬೆಟ್ಟ ಹತ್ತಿದವನಿಗೆ ನಾಲ್ಕು ಇರಬೇಡವೇ? ಹಳೇದನ್ನ ಬಿಸಾಡ್ತಾರಾ?”

“ಯಾರೂ ಬಿಸಾಡಂಗಿಲ್ರಿ. ನಮ್ಮ ಆಫೀಸಿನ್ಯಾಗ ಹೋದ ವರ್ಷದ್ದನ್ನೂ ಜೋತುಬಿಟ್ಕೊಂಡು ಅಡ್ಡಾಡ್ತಾರ, ತೋರಸ್ಕೊಳ್ಳಾಕ.”

ಸರಸ್ವತಿ ಚೀಟಿ ಓದಿದಳು. “ಥ್ರೆಡ್‌ಬೋ. ಹದಿಮೂರನೇ ತಾರೀಖು, ಸೋಮವಾರ.”

ನಾನು ಅಮೂಲ್ಯಾಳ ಕಡೆ ತಿರುಗಿದೆ. “ಮಗೂ, ಅಣ್ಣನ ಮೆಸೇಜುಗಳನ್ನ ಇನ್ನೊಂದು ಸಲ ಓದು.”

ಅವಳು ಮೊಬೈಲ್ ಒತ್ತಿದಳು. ಶುಕ್ರವಾರ, ಬುಲ್ಲರ್ ತಲುಪಿದೆ. ಶನಿವಾರ, ಹಾಥಮ್, ಸೂಪರ್ ಹಿಮ. ಭಾನುವಾರ, ಫಾಲ್ಸ್ ಕ್ರೀಕ್, ಹನ್ನೆರಡು ಸಲ ಬಿದ್ದೆ. ಸೋಮವಾರ, ಥ್ರೆಡ್‌ಬೋ.

“ನಿನಗೆ ಯಾವುದಾದರೂ ಬಂತೇನಪ್ಪ ಅಜಯ?”

“ಒಂದೂ ಬಂದಿಲ್ರಿ. ಮಿಸ್ಡ್ ಕಾಲ್ ಸೈತ ಇಲ್ಲ. ಹನ್ನೆರಡು ಸಲ ಬಿದ್ದಾನಂತ, ನಂಗ ಹೇಳದ ಇರ್ತಿದ್ನ ಅಂವ?”

ಬಿದ್ದದ್ದು ನಿಜವಾದರೆ ಇಂದ್ರೇಶ ಮೊದಲು ಹೇಳುತ್ತಿದ್ದದ್ದು ಇವನಿಗೇ. ಅದು ನನಗೂ ಗೊತ್ತಿತ್ತು.

“ಈಗ ಅರಿಶಿನಕ್ಕೆ ಬರೋಣ,” ಎಂದೆ. “ಚಳಿ ಬೆಟ್ಟದ ಮೇಲೆ, ಗಂಡಸಿನ ಜಾಕೆಟಿನ ಬಲತೋಳಿನ ಒಳಗೆ, ಬಳೆಯಂತೆ ಅರಿಶಿನದ ಗುರುತು. ಇದೆಲ್ಲಿಂದ ಬಂತು?”

ಸರಸ್ವತಿಗೆ ತಟ್ಟನೆ ಹೊಳೆಯಿತು. ಅವಳು ತನ್ನ ಬಲಗೈಯನ್ನೇ ಮುಂದೆ ಚಾಚಿದಳು. ಮುಂಗೈಯಲ್ಲಿ ಹಳದಿ ದಾರ ಇನ್ನೂ ಇತ್ತು, ಅದರಡಿ ಚರ್ಮವೂ ಹಳದಿ.

“ಭಾನುವಾರ ಭೀಮನ ಅಮಾವಾಸ್ಯೆ ಅಲ್ವಾ ಅಪ್ಪ!”

ಹೌದು. ಮದುವೆಯಾದವಳು ಗಂಡನ ಆಯಸ್ಸಿಗೆ, ಆಗದವಳು ಅಣ್ಣತಮ್ಮಂದಿರ ಆಯಸ್ಸಿಗೆ ಪೂಜೆ ಮಾಡಿ, ಒಂಬತ್ತು ಗಂಟಿನ ಅರಿಶಿನದ ದಾರವನ್ನು ಬಲಗೈಗೆ ಕಟ್ಟಿಕೊಳ್ಳುತ್ತಾಳೆ. ಕಾಸು ಬಚ್ಚಿಟ್ಟ ಹಿಟ್ಟಿನ ಭಂಡಾರವನ್ನು ಅಣ್ಣತಮ್ಮಂದಿರಿಂದ ಒಡೆಸುತ್ತಾಳೆ. ಸೀಮೆ ಬಿಟ್ಟು ಸಾವಿರಾರು ಮೈಲಿ ಬಂದರೂ ನಮ್ಮ ಹೆಣ್ಣುಮಕ್ಕಳು ಬಿಟ್ಟಿಲ್ಲ. ಹಿಮದಲ್ಲಿ ನೆನೆದ ದಾರ ತೋಳಿಗೆ ಬಣ್ಣ ಬಿಟ್ಟಿದೆ.

“ಅಂದ್ರೆ ಸೋಮವಾರ ಥ್ರೆಡ್‌ಬೋದಲ್ಲಿ ಈ ಜಾಕೆಟ್ ಹಾಕಿಕೊಂಡವಳು ಹೆಂಗಸು,” ಎಂದೆ. “ನಮ್ಮವಳೇ.”

“ಹಾಗಾದ್ರೆ ಅಣ್ಣ ಒಬ್ಬನೇ ಹೋಗಿಲ್ಲ!” ಅಮೂಲ್ಯಾಳಿಗೆ ಮಾತು ಮರಳಿತು. “ಯಾವಳೋ ಜೊತೆಗಿದ್ಲು. ಮದುವೆ ಆದವಳೇ ಇರ್ಬೇಕು. ಅವಳ ಗಂಡನಿಗೆ ಗೊತ್ತಾಗಿ ಏನಾದ್ರೂ... ಅಜಯ್, ನಿನಗೆ ಗೊತ್ತಿರುತ್ತೆ. ಯಾರವಳು? ಹೇಳೋ!”

“ನಂಗೇನ್ ಗೊತ್ತಬೇ! ಅಂವಗ ಹುಡ್ಗೀರ ಜೋಡಿ ಮಾತಾಡಾಕ ಬರಂಗಿಲ್ಲ. ಬುಟ್ಟಿ ಹಿಡ್ಕೊಂಡು ಸೂಪರ್‌ಮಾರ್ಕೆಟ್‌ನ್ಯಾಗ ಕ್ಯಾಷಿಯರ್ ಹುಡುಗಿ ಇದ್ದ ಲೈನ್ ಬಿಟ್ಟು ಮುದುಕನ ಲೈನ್‌ಗೆ ನಿಲ್ಲೂ ಮನಷ್ಯಾ ಅಂವ.”

“ನಿನ್ನನ್ನ ಕೊಲೆಗಾರ ಅಂದ್ರೂ ತಮಾಷೆ ಬಿಡಲ್ಲ ನೋಡು.”

“ನೀ ಅಂದದ್ದು, ನಿಂಬಿಹಣ್ಣು ಅಂದಿಲ್ಲ.”

ಮತ್ತೆ ಶುರುವಾಯಿತು. ನಾನು ತಲೆ ಒತ್ತಿಕೊಂಡೆ.

“ಮಗೂ ಅಮೂಲ್ಯಾ,” ಎಂದೆ, ಸುಮ್ಮನೆ ಕೇಳುವವನಂತೆ. “ನೀನು ಈ ಸಲ ಅಣ್ಣನಿಗೆ ವ್ರತ ಮಾಡಿದೆಯಾ?”

“ಇಲ್ಲ ಅಂಕಲ್. ಅಣ್ಣ ಬೆಟ್ಟದಲ್ಲಿ, ನಾನು ಸಿಡ್ನಿಯಲ್ಲಿ. ಯಾರ ಮುಂದೆ ಭಂಡಾರ ಇಟ್ಟು ಒಡಿಸಲಿ? ಈ ವರ್ಷ ತಪ್ಪಿಹೋಯ್ತು.” ಅವಳ ಕಣ್ಣು ತುಂಬಿತು. “ತಪ್ಪಿಸಿದ್ದಕ್ಕೇ ಹೀಗಾಯ್ತೇನೋ.”

ಸರಸ್ವತಿ ಅವಳ ಬೆನ್ನು ಸವರಿದಳು. “ಹಾಗೆಲ್ಲ ಅನ್ಬಾರದು ಕಣೆ.”

ಅಮೂಲ್ಯಾ ಕಣ್ಣೊರೆಸಿಕೊಂಡು ಎದ್ದಳು. “ಕೂತ್ರೆ ಹುಚ್ಚು ಹಿಡಿಯುತ್ತೆ ಅಕ್ಕ. ಲೋಟ ತೊಳೀತೀನಿ.” ಸ್ವೆಟರಿನ ತೋಳನ್ನು ಮೊಣಕೈವರೆಗೆ ಏರಿಸಿ, ಸಿಂಕಿನ ಮುಂದೆ ನಿಂತು ಸೋಪು ಹಾಕಿ ಲೋಟ ಉಜ್ಜತೊಡಗಿದಳು.

ಅಜಯ ಪಿಆರ್ ವಕೀಲನಿಗೆ ಫೋನ್ ಮಾಡುವುದೋ ಬೇಡವೋ ಎಂದು ಸರಸ್ವತಿಯ ತಲೆ ತಿನ್ನುತ್ತಿದ್ದ. ನಾನು ಲೋಟ ಕೊಡುವ ನೆಪದಲ್ಲಿ ಸಿಂಕಿನ ಹತ್ತಿರ ಹೋದೆ.

ನೊರೆಯ ಕೆಳಗೆ ಅವಳ ಬಲ ಮುಂಗೈ. ಅದರ ಸುತ್ತ, ಬಳೆಯಷ್ಟೇ ಅಗಲ, ಒಂದು ಗೆರೆ ಮೆಲ್ಲನೆ ಏಳುತ್ತಿತ್ತು.

ಕೆಂಪಾಗಿ.

ದಾರ ಕತ್ತರಿಸಿ ಹೆಚ್ಚು ಹೊತ್ತಾಗಿರಲಾರದು. ಬಹುಶಃ ಅದೇ ದಿನ ಬೆಳಿಗ್ಗೆ. ದಾರ ಹೋದರೂ ಚರ್ಮದಲ್ಲಿ ಉಳಿದಿತ್ತು.

ಅವಳು ತಲೆಯೆತ್ತಿದಳು. ನಾನು ನೋಡಿದ್ದನ್ನು ಅವಳು ನೋಡಿದಳು. ನಲ್ಲಿ ಸುರಿಯುತ್ತಲೇ ಇತ್ತು.

ಅವಳು ತೋಳನ್ನು ಕೆಳಗೆಳೆದುಕೊಂಡಳು. “ನೀರು ತುಂಬ ಬಿಸಿ ಇದೆ ಅಂಕಲ್,” ಎಂದಳು.

“ಹೌದಮ್ಮ,” ಎಂದೆ.

ಅಲ್ಲೇ ನಾನು ಕೆಟ್ಟೆ. ಆಗಲೇ ಕೇಳಬೇಕಿತ್ತು. ಆದರೆ ಜೀವಮಾನವಿಡೀ ನನ್ನದು ಇದೇ ಚಾಳಿ: ಬಟ್ಟೆ ನೆನೆಯಲಿ, ಕೊಳೆ ತಾನಾಗೇ ಬಿಡಲಿ ಎಂದು ಕಾಯುವುದು. ಹತ್ತು ಜನರ ಗದ್ದಲದಲ್ಲಿ ಕೇಳಿದರೆ ಇನ್ನೊಂದು ಸುಳ್ಳು ಬರುತ್ತದೆ. ಬೆಳಿಗ್ಗೆ ಕಾಫಿ ಹೊತ್ತಿಗೆ ಒಬ್ಬಳನ್ನೇ ಕೂರಿಸಿಕೊಂಡು ಮೆಲ್ಲಗೆ ಕೇಳೋಣ ಎಂದುಕೊಂಡೆ. ಜಾಕೆಟನ್ನು ಹಾಲಿನ ಕುರ್ಚಿಯ ಬೆನ್ನಿಗೆ ಹಾಕಿದೆ. ಲಿಫ್ಟಿನ ಚೀಟಿ ಮಾತ್ರ ಹೇಗೋ ನನ್ನ ಅಂಗಿಯ ಜೇಬಿನಲ್ಲಿ ಉಳಿಯಿತು.

ಬೆಳಿಗ್ಗೆ ಏಳಕ್ಕೆ ಎದ್ದು ಬಂದಾಗ ಕುರ್ಚಿ ಬರಿದಾಗಿತ್ತು.

ಅಮೂಲ್ಯಾ ಮಲಗಿದ್ದ ಕೋಣೆಯಲ್ಲಿ ಹೊದಿಕೆ ಮಡಚಿಟ್ಟಿತ್ತು, ಮೂಲೆಗೆ ಮೂಲೆ ಕೂಡಿಸಿ, ಅಚ್ಚುಕಟ್ಟಾಗಿ. ಬ್ಯಾಗಿಲ್ಲ. ಮೊಬೈಲಿಗೆ ಮಾಡಿದರೆ ಸ್ವಿಚ್ ಆಫ್.

“ಜಾಕೆಟ್ ಎಲ್ಲಪ್ಪ?” ಸರಸ್ವತಿ ಸೋಫಾದ ಹಿಂದೆ, ಮಂಚದ ಕೆಳಗೆ, ಒಗೆಯುವ ಬುಟ್ಟಿಯಲ್ಲಿ, ಕೊನೆಗೆ ಓವನ್ನಿನೊಳಗೂ ಹುಡುಕಿದಳು. “ನಾನು ಹೇಳಿದ್ನಲ್ಲ, ನಿಮ್ಮ ರೂಮಲ್ಲಿ ಇಟ್ಕೊಳ್ಳಿ ಅಂತ!”

ಅವಳು ಹಾಗೆ ಹೇಳಿರಲಿಲ್ಲ. ಹೇಳಬೇಕಿತ್ತು.

ಅಜಯ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದ. ಸಂಗತಿ ಕೇಳಿ ಬ್ರಷ್ ಕೈಗೆ ಬಂತು. “ಅಂಕಲ್, ಪೊಲೀಸರಿಗೆ ಅಕಿ ಏನ್ ಹೇಳ್ಯಾಳ? ರಕ್ತದ ಜಾಕೆಟ್ ಅಜಯನ ಹತ್ರ ಐತಿ ಅಂತ. ಈಗ ಜಾಕೆಟ್ ಇಲ್ಲ. ಅಂದ್ರ ಮುಚ್ಚಿ ಹಾಕಿದವ ಯಾರು? ನಾನ! ನೀವ ಹೇಳ್ರಿ, ಅವರಿಗೆ ಏನ್ ತೋರಸ್ತೀರಿ ಈಗ?”

ತೋರಿಸಲು ನನ್ನ ಹತ್ತಿರ ಇದ್ದದ್ದು ಅರ್ಧ ನಿಂಬೆಹಣ್ಣು, ಒಂದು ಚೀಟಿ.

“ಸರಸೂ, ಸಿಡ್ನಿಗೆ ಫೋನ್ ಹಚ್ಚು,” ಎಂದೆ. “ಇವಳು ಯಾರ ಮನೆಯಲ್ಲಿ ಬಾಡಿಗೆಗಿದ್ದಾಳೆ?”

“ವೆಸ್ಟ್‌ಮೀಡ್‌ನಲ್ಲಿ, ಅಹಲ್ಯಾ ಆಂಟಿ ಮನೇಲಿ.”

ಅಹಲ್ಯಾ ಎತ್ತಿಕೊಳ್ಳುವ ಹೊತ್ತಿಗೆ ಗಡಿಯಾರ ಹತ್ತಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಅದಕ್ಕೂ ಮುಂಚೆ ನಾಲ್ಕು ಸಲ ಮಾಡಿದ್ದೆವು. ಆಕೆ ದೇವರ ಮನೆಯಲ್ಲಿದ್ದರಂತೆ. ಸರಸ್ವತಿ ಸ್ಪೀಕರ್ ಒತ್ತಿದಳು.

“ಅಮೂಲ್ಯಾ? ಅವಳು ರೂಮ್ ಖಾಲಿ ಮಾಡಿದಾಳಲ್ಲ ಸರಸ್ವತಿ. ನಿಮಗೆ ಹೇಳಿಲ್ವಾ? ಸಾಮಾನೆಲ್ಲ ಕಟ್ಕೊಂಡು ಹೋದ್ಲು.”

“ಯಾವಾಗ ಆಂಟಿ? ಮಂಗಳವಾರಾನಾ?”

“ಎಲ್ಲಿ ಮಂಗಳವಾರ! ಶನಿವಾರ ಮಧ್ಯಾಹ್ನ. ಅವರಣ್ಣ ಬಂದು ಕರ್ಕೊಂಡು ಹೋದ. ಇಂದ್ರೇಶ. ಮೆಲ್ಬರ್ನ್‌ನಿಂದ ರಾತ್ರಿಯೆಲ್ಲ ಕಾರು ಓಡಿಸ್ಕೊಂಡು ಬಂದಿದ್ದ ಪಾಪ, ಕಣ್ಣು ಕೆಂಪಗಾಗಿತ್ತು. ಒಂದು ತುತ್ತು ತಿಂದು ಹೋಗಪ್ಪ ಅಂದ್ರೂ ಕೇಳ್ಲಿಲ್ಲ.”

ಶನಿವಾರ. ಇಂದ್ರೇಶ ಹಾಥಮ್ ಬೆಟ್ಟದ ಹಿಮ ಸೂಪರ್ ಎಂದು ಮೆಸೇಜು ಕಳಿಸಿದನೆಂದು ಅಮೂಲ್ಯಾ ಓದಿ ಹೇಳಿದ್ದ ದಿನ.

“ಆಂಟಿ, ಮಾರನೇ ದಿನ ಅಮಾವಾಸ್ಯೆ ಇತ್ತಲ್ಲ...”

“ಅದನ್ನೇ ಅಂದೆ, ಇದ್ದು ಹೋಗ್ರೋ ಅಂತ. ಅವಳು ನಗ್ತಾ ನನ್ನ ಹತ್ರಾನೇ ಎರಡು ಅರಿಶಿನದ ಕೊಂಬು, ದಾರ, ಒಂದಿಷ್ಟು ಹಿಟ್ಟು ಇಸ್ಕೊಂಡ್ಲು. ‘ಬೆಟ್ಟದ ಮೇಲೇ ಮಾಡ್ತೀನಿ ಆಂಟಿ, ಭಂಡಾರ ಒಡೆಯೋಕೆ ಅಣ್ಣ ಜೊತೆಗೇ ಇರ್ತಾನಲ್ಲ’ ಅಂದ್ಲು. ಯಾಕೆ ಸರಸ್ವತಿ, ಏನಾಯ್ತು? ಮಕ್ಕಳು ಚೆನ್ನಾಗಿದಾರೆ ತಾನೆ?”

ಸರಸ್ವತಿ ನನ್ನ ಮುಖ ನೋಡಿದಳು. ಮುಂಬಾಗಿಲಲ್ಲಿ ಬೆಲ್ಲಾಯಿತು. ಕಿಟಕಿಯಾಚೆ ಪೊಲೀಸರ ಟೋಪಿ ಎರಡು ಕಂಡವು. ಅಜಯ ಬ್ರಷ್ ಹಿಡಿದುಕೊಂಡೇ ನಿಂತಿದ್ದ.

ನಾನು ಜೇಬಿನಿಂದ ಚೀಟಿ ತೆಗೆದು ಅಂಗೈಯಲ್ಲಿಟ್ಟುಕೊಂಡು ಬಾಗಿಲ ಕಡೆ ನಡೆದೆ. ಮೂರು ಹೆಜ್ಜೆಯೊಳಗೆ ಲೆಕ್ಕ ಹಾಕಲು ಹೆಚ್ಚೇನೂ ಇರಲಿಲ್ಲ. ಮೆಸೇಜುಗಳೆಲ್ಲ ಬಂದದ್ದು ಅವಳೊಬ್ಬಳಿಗೇ, ಜಾಕೆಟ್ ಹಾಕಿಕೊಂಡವಳೂ ಬಾಗಿಲಿಗೆ ತಂದಿಟ್ಟವಳೂ ಅವಳೇ. ಶನಿವಾರ ಸಿಡ್ನಿಯಿಂದ ಇಬ್ಬರು ಹೊರಟಿದ್ದರು. ಈ ಶುಕ್ರವಾರ ನಮ್ಮ ಮನೆಯಿಂದ ಹೊರಟವಳು ಒಬ್ಬಳೇ.